ನೂರು ಗ್ರಾಂ ತೂಕ, ಎಪ್ಪತ್ತು ಲಕ್ಷ ಖರ್ಚು, ಒಂದೂವರೆ ಲೀಟರ್ ಹಾಲು

2024ರ ಆಗಸ್ಟ್ 6ರ ಬೆಳಿಗ್ಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತೂಕಕ್ಕೆ ನಿಂತಾಗ ಕುಸ್ತಿಪಟು ವಿನೇಶ್ ಫೋಗಟ್ 49.9 ಕೆ.ಜಿ. ಇದ್ದರು. ಅದೇ ದಿನ ಮೂರು ಕುಸ್ತಿ ಗೆದ್ದು ಸಂಜೆ ತೂಗಿಕೊಂಡಾಗ 52.7. ಮರುದಿನ ಬೆಳಿಗ್ಗೆ ಫೈನಲ್‌ಗೆ ಮುಂಚಿನ ತೂಕದಲ್ಲಿ 50.1. ಮಿತಿ ಇದ್ದದ್ದು 50. ರಾತ್ರಿಯಿಡೀ ಮೈ ದಂಡಿಸಿ 2.6 ಕೆ.ಜಿ. ಇಳಿಸಿದ ಮೇಲೂ ಉಳಿದುಕೊಂಡದ್ದು 100 ಗ್ರಾಂ. ಮಿತಿಯ ಲೆಕ್ಕದಲ್ಲಿ ಅದು ಶೇ 0.2. ಅಷ್ಟಕ್ಕೇ ಅನರ್ಹರಾದರು.

ಆ ರಾತ್ರಿಯ ವಿವರವನ್ನು ಅವರ ಹಂಗೇರಿಯ ಕೋಚ್ ವೋಲರ್ ಆಕೋಶ್ ಆಮೇಲೆ ಬರೆದುಕೊಂಡರು. ಸೆಮಿಫೈನಲ್ ಆದ ಮೇಲೆ 1 ಗಂಟೆ 20 ನಿಮಿಷ ಕಸರತ್ತು ಮಾಡಿಸಿದರೂ ಒಂದೂವರೆ ಕಿಲೋ ಹಾಗೇ ಉಳಿದಿತ್ತು. 50 ನಿಮಿಷ ಬಿಸಿಹಬೆಯ ಕೋಣೆಯಲ್ಲಿ ಕೂರಿಸಿದರೆ ಮೈಯಿಂದ ಒಂದು ಹನಿ ಬೆವರು ಇಳಿಯಲಿಲ್ಲ. ಮಧ್ಯರಾತ್ರಿಯಿಂದ ಬೆಳಗಿನ ಜಾವ ಐದೂವರೆಯವರೆಗೆ ಮುಕ್ಕಾಲು ಗಂಟೆ ಕಸರತ್ತು, ಎರಡು ಮೂರು ನಿಮಿಷ ವಿರಾಮ, ಮತ್ತೆ ಕಸರತ್ತು. ನಡುವೆ ಕುಸಿದು ಬಿದ್ದರು, ಎಬ್ಬಿಸಿದರು. ಕೂದಲನ್ನೂ ಕತ್ತರಿಸಿದರು. ಕುಸ್ತಿಯ ವಿಶ್ವ ಸಂಸ್ಥೆಯ ನಿಯಮದ ಪ್ರಕಾರ ಎರಡನೇ ದಿನದ ತೂಕಕ್ಕೆ ಸಿಗುವುದು 15 ನಿಮಿಷ. ಆ ಹದಿನೈದು ನಿಮಿಷದಲ್ಲಿ ಎಷ್ಟು ಸಲ ಬೇಕಾದರೂ ತಕ್ಕಡಿ ಹತ್ತಬಹುದು, ಇಳಿಯಬಹುದು. ಮುಳ್ಳು ಮಾತ್ರ 50ರ ಮೇಲೆ ಹೋಗಬಾರದು. ಹೋದರೆ ಹಿಂದಿನ ದಿನ ಗೆದ್ದದ್ದೂ ಲೆಕ್ಕಕ್ಕಿಲ್ಲ, ಹೆಸರು ಪಟ್ಟಿಯ ಕಟ್ಟಕಡೆಗೆ. ಕೆಲವು ಬೇರೆ ಪಂದ್ಯಾವಳಿಗಳಲ್ಲಿ 2 ಕೆ.ಜಿ. ರಿಯಾಯಿತಿ ಉಂಟು, ಒಲಿಂಪಿಕ್ಸ್‌ನಲ್ಲಿ ಒಂದು ಗ್ರಾಮೂ ಇಲ್ಲ.

ಗೆದ್ದ ಮೂರು ಕುಸ್ತಿಗಳಲ್ಲಿ ಮೊದಲನೆಯದೊಂದೇ ಸಾಕಿತ್ತು ಇಡೀ ಬದುಕಿಗೆ. ಎದುರಾಳಿ ಜಪಾನಿನ ಯುಯಿ ಸುಸಾಕಿ, ಅಂತರರಾಷ್ಟ್ರೀಯ ಕಣದಲ್ಲಿ ಅಲ್ಲಿಯವರೆಗೆ 82 ಕುಸ್ತಿ ಆಡಿ ಒಂದನ್ನೂ ಸೋಲದವರು. ಫ್ರೀಸ್ಟೈಲ್ ಕುಸ್ತಿ ಅಂದರೆ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. ಆರು ನಿಮಿಷದಲ್ಲಿ ಐದು ಮುಕ್ಕಾಲು ನಿಮಿಷ ಕಳೆದಾಗಲೂ ವಿನೇಶ್ 0–2ರಿಂದ ಹಿಂದೆ ಇದ್ದರು. ಆ ಎರಡು ಪಾಯಿಂಟೂ ಪಟ್ಟು ಹಾಕಿಸಿಕೊಂಡು ಕೊಟ್ಟದ್ದಲ್ಲ, ಮುನ್ನುಗ್ಗದೆ ಕಾದು ನಿಂತದ್ದಕ್ಕೆ ರೆಫರಿ ಎದುರಾಳಿಗೆ ಕೊಟ್ಟದ್ದು. ಕಡೆಯ ಕೆಲವು ಸೆಕೆಂಡಿನಲ್ಲಿ ನುಗ್ಗಿ ಕೆಡವಿ 2 ಪಾಯಿಂಟ್ ಕಿತ್ತುಕೊಂಡರು. ಜಪಾನಿನವರು ತೀರ್ಪು ಪ್ರಶ್ನಿಸಿದರು, ಮೇಲ್ಮನವಿ ಬಿದ್ದುಹೋಯಿತು, ಅದಕ್ಕೊಂದು ಪಾಯಿಂಟ್ ಸೇರಿ 3–2. ಆಮೇಲೆ ಉಕ್ರೇನಿನ ಒಕ್ಸಾನಾ ಲಿವಾಚ್ ವಿರುದ್ಧ 7–5, ಕ್ಯೂಬಾದ ಯುಸ್ನೆಲಿಸ್ ಗುಜ್ಮಾನ್ ವಿರುದ್ಧ 5–0. ಸೋತ ಗುಜ್ಮಾನ್ ಮರುದಿನ ಫೈನಲ್ ಆಡಿದರು, ಗೆದ್ದವರು ಆಸ್ಪತ್ರೆಯಲ್ಲಿದ್ದರು.

ಇದು ಮೊದಲ ಸಲವೇನೂ ಅಲ್ಲ ಅನ್ನುವುದನ್ನು ಆ ದಿನ ಬಹಳ ಜನ ಮರೆತಿದ್ದರು. 2016ರ ಏಪ್ರಿಲ್‌ನಲ್ಲಿ ಮಂಗೋಲಿಯದ ಉಲಾನ್‌ಬಾತರ್‌ನಲ್ಲಿ ರಿಯೊ ಒಲಿಂಪಿಕ್ಸ್‌ನ ಅರ್ಹತಾ ಪಂದ್ಯಕ್ಕೆ ಹೋದಾಗಲೂ ಇದೇ ವಿನೇಶ್ 48 ಕೆ.ಜಿ. ಮಿತಿಗೆ 400 ಗ್ರಾಂ ಹೆಚ್ಚು ತೂಗಿ ಅನರ್ಹರಾಗಿದ್ದರು. ಮುಂದಿನ ತಿಂಗಳು ಇಸ್ತಾಂಬುಲ್‌ನಲ್ಲಿ ಅರ್ಹತೆ ಪಡೆದರು, ರಿಯೊದ ಕ್ವಾರ್ಟರ್ ಫೈನಲ್‌ನಲ್ಲಿ ಮಂಡಿಗೆ ಪೆಟ್ಟು ತಿಂದು ಸ್ಟ್ರೆಚರ್ ಮೇಲೆ ಹೊರಬಂದರು. ಎಂಟು ವರ್ಷದ ಅಂತರದಲ್ಲಿ ಒಂದು ಸಲ 400, ಇನ್ನೊಂದು ಸಲ 100. ಈ ಆಟದಲ್ಲಿ ಎದುರಾಳಿ ಇಬ್ಬರು: ಮ್ಯಾಟ್ ಮೇಲೆ ಒಬ್ಬಳು, ತಕ್ಕಡಿ ಮೇಲೆ ತಾನೇ.

ಅವರ ಪದಕಗಳ ಪಟ್ಟಿಯನ್ನು ತೂಕದ ಜತೆ ಇಟ್ಟು ಓದಬೇಕು, ಆಗಲೇ ಅದರ ಕಷ್ಟ ಗೊತ್ತಾಗುವುದು. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮೂರು ಚಿನ್ನ: 2014ರ ಗ್ಲಾಸ್ಗೋದಲ್ಲಿ 48 ಕೆ.ಜಿ., 2018ರ ಗೋಲ್ಡ್ ಕೋಸ್ಟ್‌ನಲ್ಲಿ 50, 2022ರ ಬರ್ಮಿಂಗ್‌ಹ್ಯಾಂನಲ್ಲಿ 53. ಏಷ್ಯನ್ ಕ್ರೀಡಾಕೂಟದಲ್ಲಿ 2014ರಲ್ಲಿ 48ರಲ್ಲಿ ಕಂಚು, 2018ರಲ್ಲಿ 50ರಲ್ಲಿ ಚಿನ್ನ. ಆ ಚಿನ್ನ ಗೆದ್ದ ಭಾರತದ ಮೊದಲ ಮಹಿಳಾ ಪೈಲ್ವಾನ್ ಅವರೇ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2019 ಮತ್ತು 2022ರ ಎರಡು ಕಂಚು 53ರಲ್ಲಿ. ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 2021ರ ಚಿನ್ನ ಸೇರಿ ಎಂಟು ಪದಕ, ಅದರಲ್ಲಿ 2017ರ ಬೆಳ್ಳಿ 55 ಕೆ.ಜಿ.ಯಲ್ಲಿ. ಇಪ್ಪತ್ತರ ಹರೆಯದಲ್ಲಿ 48, ಇಪ್ಪತ್ತೆಂಟಕ್ಕೆ 53, ಇಪ್ಪತ್ತೊಂಬತ್ತಕ್ಕೆ ಮತ್ತೆ 50. ಪ್ಯಾರಿಸ್‌ಗೆ 53ರಲ್ಲಿ ಭಾರತದ ಜಾಗವನ್ನು ಅಂತಿಮ್ ಪಂಘಾಲ್ ಗಿಟ್ಟಿಸಿಯಾಗಿತ್ತು. 2023ರ ಆಗಸ್ಟ್‌ನಲ್ಲಿ ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ವಿನೇಶ್‌ಗೆ ಉಳಿದ ದಾರಿ ಮೂರು ಕಿಲೋ ಕೆಳಗೆ ಇಳಿಯುವುದೊಂದೇ. ಮಹಿಳೆಯರ ಫ್ರೀಸ್ಟೈಲ್‌ನಲ್ಲಿ ವಿಶ್ವ ಮಟ್ಟದಲ್ಲಿ ತೂಕದ ವಿಭಾಗ ಹತ್ತಿದ್ದರೂ ಒಲಿಂಪಿಕ್ಸ್‌ಗೆ ತೆಗೆದುಕೊಳ್ಳುವುದು ಆರನ್ನೇ: 50, 53, 57, 62, 68, 76. ಒಂದು ದೇಶಕ್ಕೆ ಒಂದು ವಿಭಾಗದಲ್ಲಿ ಒಬ್ಬಳೇ. 55ರಲ್ಲಿ ನೀವು ಎಷ್ಟೇ ಗಟ್ಟಿಯಿದ್ದರೂ ಎರಡು ಕೆ.ಜಿ. ಇಳಿಯಬೇಕು, ಇಲ್ಲವೇ ಎರಡು ಕೆ.ಜಿ. ಏರಬೇಕು.

ಇನ್ನು ದುಡ್ಡಿನ ಲೆಕ್ಕ. ಪ್ಯಾರಿಸ್ ಸಿದ್ಧತೆಗೆಂದು ವಿನೇಶ್ ಮೇಲೆ ಮಾಡಿದ ಖರ್ಚನ್ನು ಕೇಂದ್ರ ಕ್ರೀಡಾ ಸಚಿವರು ಲೋಕಸಭೆಯಲ್ಲಿ ಪೈಸೆ ಬಿಡದೆ ಹೇಳಿದರು: 70,45,775 ರೂಪಾಯಿ. ಅನರ್ಹಗೊಂಡ ದಿನವೇ ಹೇಳಿದ್ದು ಸಮಯೋಚಿತವೋ ಅಲ್ಲವೋ ಓದುಗರೇ ತೀರ್ಮಾನಿಸಲಿ. ಅಂಕಿಯಂತೂ ಕೈಗೆ ಸಿಕ್ಕಿತು, ಅದರಿಂದ ನಮಗೆ ಉಪಯೋಗವಿದೆ. ಒಲಿಂಪಿಕ್ಸ್ ಪದಕದ ನಿರೀಕ್ಷೆಯುಳ್ಳವರಿಗೆ ಕೇಂದ್ರದ ‘ಟಾಪ್ಸ್’ ಯೋಜನೆಯಲ್ಲಿ ತಿಂಗಳಿಗೆ 50,000 ರೂ. ಕೈಖರ್ಚು, ಮುಂದೆ ಬರಬಹುದಾದವರ ಪಟ್ಟಿಯಲ್ಲಿದ್ದರೆ 25,000. ಅದಕ್ಕೂ ಕೆಳಗಿನ ಮೆಟ್ಟಿಲು ಖೇಲೊ ಇಂಡಿಯಾ: ಆಯ್ಕೆಯಾದ ಒಬ್ಬರಿಗೆ ವರ್ಷಕ್ಕೆ 6.28 ಲಕ್ಷ, ಅದರಲ್ಲಿ ಕೈಗೆ ಬರುವುದು 1.20 ಲಕ್ಷ. ಮಿಕ್ಕದ್ದು ತರಬೇತಿ, ವಸತಿ, ಊಟದ ಬಾಬತ್ತು.

ಪದಕ ಬಂದ ಮೇಲಿನ ಅಂಕಿಗಳ ಗಾತ್ರವೇ ಬೇರೆ. ಹರಿಯಾಣ ಸರ್ಕಾರ ಒಲಿಂಪಿಕ್ಸ್ ಚಿನ್ನಕ್ಕೆ 6 ಕೋಟಿ, ಬೆಳ್ಳಿಗೆ 4 ಕೋಟಿ, ಕಂಚಿಗೆ ಎರಡೂವರೆ ಕೋಟಿ ಕೊಡುತ್ತದೆ. ಫೈನಲ್ ತಲುಪಿದ್ದ ವಿನೇಶ್‌ಗೆ ಬೆಳ್ಳಿ ಖಾತ್ರಿಯಿತ್ತು. ಅಂದರೆ ಆ ರಾತ್ರಿ ಉಳಿದ ಕೊಬ್ಬಿನ, ನೀರಿನ ಬೆಲೆ ಗ್ರಾಂಗೆ 4 ಲಕ್ಷ. ಬೆಳ್ಳಿ ಕೋರಿ ವಿನೇಶ್ ಸಲ್ಲಿಸಿದ್ದ ಅರ್ಜಿಯನ್ನು ಕ್ರೀಡಾ ನ್ಯಾಯಮಂಡಳಿ ಆಗಸ್ಟ್ 14ರಂದು ವಜಾ ಮಾಡಿ ಪದಕ ಇಲ್ಲವೆಂದಿತು. ಹರಿಯಾಣ ಸರ್ಕಾರ ಮಾತ್ರ ಬೆಳ್ಳಿ ಗೆದ್ದವರಿಗೆ ಸಮನಾದ ಗೌರವ ಎಂದಿತ್ತು. 2025ರಲ್ಲಿ ನಗದು, ನಿವೇಶನ, ಸರ್ಕಾರಿ ಹುದ್ದೆ ಎಂಬ ಆಯ್ಕೆ ಮುಂದಿಟ್ಟಾಗ ವಿನೇಶ್ ಆರಿಸಿಕೊಂಡದ್ದು 4 ಕೋಟಿ ನಗದನ್ನು. ಬರಿಗೈಯಲ್ಲಿ ಬಂದವರ ಜಾಹೀರಾತು ದರವೂ ಇಳಿಯಲಿಲ್ಲ. ಪ್ಯಾರಿಸ್‌ಗೆ ಮುಂಚೆ ಒಂದು ಒಪ್ಪಂದಕ್ಕೆ 25 ಲಕ್ಷ ಇದ್ದದ್ದು ಆಮೇಲೆ 75 ಲಕ್ಷದಿಂದ 1 ಕೋಟಿಗೆ ಏರಿತೆಂದು ವ್ಯಾಪಾರ ಪತ್ರಿಕೆಗಳು ಬರೆದವು. ಪದಕವಿಲ್ಲದ ಪೈಲ್ವಾನ್‌ಗೆ ಇಂಥ ಬೆಲೆ ಬಂದದ್ದು ನಮ್ಮಲ್ಲಿ ಹೊಸದು.

ಜನಪ್ರಿಯತೆಯನ್ನು ಅಳೆಯಲು ಜಾಹೀರಾತಿಗಿಂತ ಗಟ್ಟಿಯಾದ ಮಾಪಕ ಮತಪೆಟ್ಟಿಗೆ. 2024ರ ಅಕ್ಟೋಬರ್ 8ರಂದು ಹರಿಯಾಣ ವಿಧಾನಸಭಾ ಚುನಾವಣೆಯ ಎಣಿಕೆಯಲ್ಲಿ, ಜುಲಾನಾ ಕ್ಷೇತ್ರದಿಂದ ನಿಂತಿದ್ದ ವಿನೇಶ್‌ಗೆ 65,080 ಮತ, ಹತ್ತಿರದ ಎದುರಾಳಿಗೆ 59,065. ಅಂತರ 6,015. ದೇಶವೇ ಕಣ್ಣೀರು ಹಾಕಿದ ಎರಡು ತಿಂಗಳಿಗೆ, ಅದೂ ತಮ್ಮದೇ ಸೀಮೆಯಲ್ಲಿ, ಇದು ಭಾರೀ ಅಂತರವೇನಲ್ಲ. ಹೆಸರು ತಂದುಕೊಡುವುದು ಒಂದು, ಮತ ತಂದುಕೊಡುವುದು ಇನ್ನೊಂದು. ಆ ಮತಗಳ ಹಿಂದೆ ಪ್ಯಾರಿಸ್ ಮಾತ್ರವಲ್ಲ, 2023ರ ಜಂತರ್ ಮಂತರ್ ಕೂಡ ಇದೆ: ಜನವರಿ 18ರಂದು ಶುರುವಾದ ಧರಣಿ, ಏಪ್ರಿಲ್ 23ರಿಂದ ಎರಡನೇ ಸುತ್ತು, ಮೇ 28ರಂದು ಪೊಲೀಸರು ಎತ್ತಿ ಹಾಕಿದ ಚಿತ್ರಗಳು. ಕುಸ್ತಿ ಫೆಡರೇಷನ್ ಮುಖ್ಯಸ್ಥರ ವಿರುದ್ಧ ಲೈಂಗಿಕ ಕಿರುಕುಳದ ದೂರು ಕೊಟ್ಟವರು 7 ಮಹಿಳಾ ಪೈಲ್ವಾನರು. ಡಿಸೆಂಬರ್ 21ರ ಫೆಡರೇಷನ್ ಚುನಾವಣೆಯಲ್ಲಿ ಅದೇ ಮುಖ್ಯಸ್ಥರ ಆಪ್ತರು 40–7 ಮತಗಳಿಂದ ಗೆದ್ದರು, ಅಂದೇ ಸಾಕ್ಷಿ ಮಲಿಕ್ ಬೂಟು ಮೇಜಿನ ಮೇಲಿಟ್ಟು ಹೊರನಡೆದರು. ರಿಯೊದಲ್ಲಿ 0–5ರಿಂದ ಹಿಂದಿದ್ದು 8–5ರಲ್ಲಿ ಗೆದ್ದು ಭಾರತದ ಮಹಿಳಾ ಕುಸ್ತಿಗೆ ಮೊದಲ ಒಲಿಂಪಿಕ್ಸ್ ಪದಕ ತಂದವರು ಅವರು. ಇವತ್ತಿಗೂ ನಮ್ಮ ಹೆಣ್ಣುಮಕ್ಕಳ ಕುಸ್ತಿಗೆ ಒಲಿಂಪಿಕ್ಸ್‌ನಲ್ಲಿರುವ ಪದಕ ಅದೊಂದೇ.

ಈಗ ನಮ್ಮ ಕಡೆಗೆ ಬರೋಣ. ಮಹಿಳೆಯರ ಕುಸ್ತಿ ಒಲಿಂಪಿಕ್ಸ್‌ಗೆ ಸೇರಿದ್ದು 2004ರಲ್ಲಿ. 2004 ಮತ್ತು 2008ರಲ್ಲಿ ಭಾರತದಿಂದ ಒಬ್ಬ ಹೆಣ್ಣುಮಗಳೂ ಹೋಗಲಿಲ್ಲ. 2012ರಲ್ಲಿ 1, 2016ರಲ್ಲಿ 3, ಟೋಕಿಯೊಗೆ 4, ಪ್ಯಾರಿಸ್‌ಗೆ 5. ಒಟ್ಟು 13 ಜಾಗ. ವಿನೇಶ್ ಮೂರು ಸಲ, ಅನ್ಶು ಮಲಿಕ್ ಎರಡು ಸಲ ಹೋದದ್ದರಿಂದ ಹೆಸರುಗಳು ಹತ್ತು. ಆ ಹತ್ತರಲ್ಲಿ ಹರಿಯಾಣದವರು ಎಷ್ಟು? ಹತ್ತೂ. ಗೀತಾ, ಬಬಿತಾ, ವಿನೇಶ್ ಮೂವರೂ ಬಲಾಲಿ ಎಂಬ ಒಂದೇ ಊರಿನ ಒಂದೇ ಮನೆತನದವರು. 145 ಕೋಟಿ ಜನರ ದೇಶದಲ್ಲಿ ಹೆಣ್ಣುಮಕ್ಕಳ ಒಲಿಂಪಿಕ್ಸ್ ಕುಸ್ತಿಯನ್ನು ಒಂದು ರಾಜ್ಯ ಗುತ್ತಿಗೆ ಹಿಡಿದಿದೆ.

ಕರ್ನಾಟಕದ ಸಂಖ್ಯೆ ಸೊನ್ನೆ. ಕುಸ್ತಿ ಗೊತ್ತಿಲ್ಲದ ಸೀಮೆಯಾಗಿದ್ದರೆ ಈ ಸೊನ್ನೆಗೆ ಬೇಸರವಿರಲಿಲ್ಲ. ಮಂಡ್ಯ ಜಿಲ್ಲೆಯ ನಾಗಮಂಗಲದಿಂದ ಪಾಂಡವಪುರ ದಾಟಿ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯ ಊರುಗಳಲ್ಲಿ ಗರಡಿ ಮನೆ, ಹನುಮನ ಪಟ, ಗೋಡೆಗೊರಗಿಸಿದ ಗದೆ ಯಾರಿಗೂ ಹೊಸದಲ್ಲ. 1610ರಲ್ಲಿ ರಾಜ ಒಡೆಯರು ದಸರಾ ಶುರುಮಾಡಿದ್ದು ಶ್ರೀರಂಗಪಟ್ಟಣದಲ್ಲೇ. ತಿರುಚಿನಾಪಳ್ಳಿಯ ಜಟ್ಟಿಯನ್ನು ವೇಷ ಮರೆಸಿಕೊಂಡು ಹೋಗಿ ಕೆಡವಿದನೆಂದು ಕಥೆ ಹೇಳುವ ರಣಧೀರ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದ್ದು ಅಲ್ಲಿಂದಲೇ. ಮೈಸೂರು ದಸರಾ ಕುಸ್ತಿಯ ದೊಡ್ಡ ಬಿರುದು ‘ದಸರಾ ಕಂಠೀರವ’. ದೊಡ್ಡಕೆರೆ ಮೈದಾನದ ಸಾಹುಕಾರ್ ಚೆನ್ನಯ್ಯ ಅಖಾಡದಲ್ಲಿ ಈಗ ಹೆಣ್ಣುಮಕ್ಕಳಿಗೂ ‘ದಸರಾ ಕಿಶೋರಿ’ ಉಂಟು. ಅದಕ್ಕೂ ಹಿಂದಕ್ಕೆ ಹೋದರೆ, 1535ರ ಸುಮಾರಿಗೆ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರಿದ್ದರು ಎಂದು ದಾಖಲಿಸಿದ್ದಾನೆ. ಐದು ಶತಮಾನ ಹಿಂದೆ ಹಂಪಿಯಲ್ಲಿ ಇದ್ದದ್ದು ಇಲ್ಲಿ ಏಕೆ ಇಲ್ಲ? ಗರಡಿಯ ಮಣ್ಣಿಗೆ ಹೆಣ್ಣು ಇಳಿಯಬಾರದೆಂಬ ಕಟ್ಟಳೆ ಹಲವು ಊರುಗಳಲ್ಲಿ ಇತ್ತು ಅನ್ನುವುದು ಅರ್ಧ ಉತ್ತರ. ಅದೇ ಕಟ್ಟಳೆ ಹರಿಯಾಣದಲ್ಲೂ ಇತ್ತು. ಅಲ್ಲಿ ಗೀತಾ, ಬಬಿತಾರ ತಂದೆ ಮಹಾವೀರ್ ಫೋಗಟ್ ಮನೆಯ ಹತ್ತಿರ ತಾವೇ ಅಖಾಡ ಮಾಡಿಕೊಂಡರು. ಆ ಕಥೆಯ ‘ದಂಗಲ್’ ಸಿನಿಮಾ ಜಗತ್ತಿನಾದ್ಯಂತ ಸುಮಾರು 2,000 ಕೋಟಿ ಗಳಿಸಿತು. ನಮ್ಮ ಕನ್ನಡದಲ್ಲೂ 2019ರಲ್ಲಿ ‘ಪೈಲ್ವಾನ್’, 2023ರಲ್ಲಿ ‘ಗರಡಿ’ ಬಂದವು, ಎರಡರಲ್ಲೂ ಲಂಗೋಟಿ ಕಟ್ಟಿದ್ದು ನಾಯಕನೇ.

ಉತ್ತರ ಕರ್ನಾಟಕದ ಮಾತು ಬೇರೆ. ಹಳಿಯಾಳ, ಗದಗ, ಧಾರವಾಡ, ಬೆಳಗಾವಿ ಕಡೆ ಹೆಣ್ಣುಮಕ್ಕಳು ಮ್ಯಾಟ್ ಮೇಲೆ ಇಳಿದು ಎರಡು ದಶಕ ಆಗುತ್ತ ಬಂತು. ದಸರೆಯಲ್ಲಿ ಮೈಸೂರಿಗೆ ಬಂದು ಗೆದ್ದು ಹೋಗುವವರಲ್ಲಿ ಆ ಕಡೆಯವರೇ ಹೆಚ್ಚು. ಹಳಿಯಾಳದ ಸಿದ್ದಿ ಜನಾಂಗದ ಹುಡುಗಿಯರ ಹಿಡಿತ ನೋಡಿದವರು ಮರೆಯುವುದಿಲ್ಲ. ಆದರೆ ನಾಗಮಂಗಲದಿಂದ ಹಳಿಯಾಳಕ್ಕೆ ಸುಮಾರು 400 ಕಿ.ಮೀ. ಹತ್ತು ವರ್ಷದ ಮಗಳನ್ನು ಅಷ್ಟು ದೂರ ಬಿಟ್ಟು ಬರುವ ತಂದೆ ತಾಯಿ ಎಷ್ಟು ಮಂದಿ?

ಹಾಗಾದರೆ ಇಲ್ಲೇ ಒಬ್ಬಳನ್ನು ಬೆಳೆಸಲು ಏನೇನು ಬೇಕು? ಮೊದಲು ನೆಲ. ಗರಡಿಯ ಮಟ್ಟಿ ಅಂದರೆ ಜರಡಿ ಹಿಡಿದ ಕೆಮ್ಮಣ್ಣು. ಅದಕ್ಕೆ ಮಜ್ಜಿಗೆ, ನಿಂಬೆರಸ, ಅರಿಸಿನ, ಎಣ್ಣೆ ಬೆರೆಸಿ ಹದ ಮಾಡುತ್ತಾರೆ. ಖರ್ಚು ಊರಿನವರು ಹಂಚಿಕೊಳ್ಳುವಷ್ಟು. ಆ ಮಣ್ಣಿನಲ್ಲಿ ಆಡುವ ನಾಡಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲ ಕಂಡರೆ ಕುಸ್ತಿ ಮುಗಿಯಿತು, ಪಾಯಿಂಟಿನ ಗೊಡವೆ ಇಲ್ಲ. ಫ್ರೀಸ್ಟೈಲ್ ಪಾಯಿಂಟಿನ ಆಟ: ಕೆಡವಿ ಹಿಂದೆ ಬಂದರೆ 2, ಗೆರೆಯಾಚೆ ತಳ್ಳಿದರೆ 1, ಎತ್ತಿ ಒಗೆದರೆ 4 ಅಥವಾ 5, ಹತ್ತು ಪಾಯಿಂಟ್ ಅಂತರವಾದರೆ ಅಲ್ಲಿಗೇ ಗೆಲುವು. ಮಣ್ಣಿನಲ್ಲಿ ಕಾಲು ಹೂತು ನಿಂತು ಕಲಿತವಳು ಮ್ಯಾಟ್ ಮೇಲೆ ಜಾರುತ್ತಾಳೆ, ವೇಗ ಸಾಲುವುದಿಲ್ಲ.

ಅಂತರರಾಷ್ಟ್ರೀಯ ಅಳತೆಯ ಮ್ಯಾಟ್ 12 ಮೀಟರ್ ಉದ್ದ, 12 ಮೀಟರ್ ಅಗಲ; ಆಡುವ ವೃತ್ತದ ವ್ಯಾಸ 9 ಮೀಟರ್. ಒಟ್ಟು 144 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 1,550 ಚದರಡಿ. ಮೂವತ್ತು–ನಲವತ್ತರ ಸೈಟು 1,200 ಚದರಡಿ. ಒಂದು ಮನೆ ಕಟ್ಟುವ ಜಾಗದಲ್ಲೂ ಇದು ಹಿಡಿಸದು. ಮೇಲೆ ಸೂರು ಬೇಕು, ಮಳೆಗೆ ನೆನೆಯಬಾರದು, ಬಿಸಿಲಿಗೆ ಬಿರಿಯಬಾರದು. ಒಬ್ಬ ತಂದೆ ಇದನ್ನು ಮನೆಯ ಹಿತ್ತಲಲ್ಲಿ ಮಾಡಿಕೊಳ್ಳಲಾರ. ಇದು ಪಂಚಾಯಿತಿಯೋ ಶಾಲೆಯೋ ಕ್ರೀಡಾ ಇಲಾಖೆಯೋ ಮಾಡಬೇಕಾದ ಕೆಲಸ. ಹಾಸುವುದು ಒಂದೇ ಸಲ, ಬಾಳಿಕೆ ವರ್ಷಗಟ್ಟಲೆ.

ದಿನವೂ ಬರುವ ಖರ್ಚು ಹೊಟ್ಟೆಯದು. ಹೊಟ್ಟೆಯ ಮಾತು ಬಂದಾಗ ಹಮೀದಾ ಬಾನು ಅವರನ್ನು ಬಿಡುವಂತಿಲ್ಲ. 1954ರಲ್ಲಿ ತನ್ನನ್ನು ಸೋಲಿಸಿದವನನ್ನು ಮದುವೆಯಾಗುವೆ ಎಂದು ಪಂಥ ಕಟ್ಟಿ, ಬರೋಡದಲ್ಲಿ ಬಾಬಾ ಪಹಲ್ವಾನ್ ಎಂಬಾತನನ್ನು 1 ನಿಮಿಷ 34 ಸೆಕೆಂಡಿನಲ್ಲಿ ಚಿತ್ ಮಾಡಿದ ಅಲಿಘರ್‌ನ ಪೈಲ್ವಾನ್. ತೂಕ 108 ಕೆ.ಜಿ., ಎತ್ತರ 5 ಅಡಿ 3 ಅಂಗುಲ. ದಿನಕ್ಕೆ 9 ಗಂಟೆ ನಿದ್ದೆ, 6 ಗಂಟೆ ಸಾಧನೆ. ಆಗಿನ ವರದಿಗಳು ಕೊಟ್ಟ ಊಟದ ಪಟ್ಟಿಯಲ್ಲಿ 5.6 ಲೀಟರ್ ಹಾಲು, ಅರ್ಧ ಕೆ.ಜಿ. ಬೆಣ್ಣೆ, ಕೆ.ಜಿ. ಹತ್ತಿರ ಕುರಿಮಾಂಸ, ಒಂದು ಕೋಳಿ, 6 ಮೊಟ್ಟೆ. ಸೂಪು, ಹಣ್ಣಿನ ರಸ, ಬ್ರೆಡ್ಡು, ಎರಡು ತಟ್ಟೆ ಬಿರಿಯಾನಿ ಬೇರೆ. ಈ ಮೊದಲ ಐದನ್ನೇ ಇವತ್ತಿನ ನಮ್ಮ ಪೇಟೆ ದರಕ್ಕೆ ಹಾಕಿದರೆ ಹಾಲಿಗೆ 258, ಬೆಣ್ಣೆಗೆ 300, ಮಾಂಸಕ್ಕೆ 800, ಕೋಳಿಗೆ 250, ಮೊಟ್ಟೆಗೆ 42: ದಿನಕ್ಕೆ 1,650 ರೂಪಾಯಿ. ಪತ್ರಿಕೆಯವರು ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು, ಆದರೂ ಬಿರಿಯಾನಿಗೆ ನಾನು ಅಡ್ಡಿ ಮಾಡುವುದಿಲ್ಲ.

ನಮಗೆ ಬೇಕಾದದ್ದು 50 ಕೆ.ಜಿ. ಹುಡುಗಿಯ ಲೆಕ್ಕ. ಇಲ್ಲಿ ಕೊಡುವುದು ಸರ್ಕಾರದ ಅಂಕಿಯಲ್ಲ, ಅಂಗಡಿ ದರ ಹಿಡಿದು ನಾನು ಕೂಡಿಸಿದ್ದು. ಒಂದೂವರೆ ಲೀಟರ್ ಹಾಲು: ನಂದಿನಿ ನೀಲಿ ಪ್ಯಾಕೆಟ್ 2025ರ ಏಪ್ರಿಲ್‌ನಿಂದ ಲೀಟರ್‌ಗೆ 46, ಅಂದರೆ 69 ರೂಪಾಯಿ. ಆರು ಮೊಟ್ಟೆ, ಒಂದಕ್ಕೆ ಏಳರಂತೆ 42. ಕಾಲು ಕೆ.ಜಿ. ಕೋಳಿ 60. ಐವತ್ತು ಗ್ರಾಂ ಬಾದಾಮಿ 45. ಇಪ್ಪತ್ತೈದು ಗ್ರಾಂ ತುಪ್ಪ 18. ಬಾಳೆಹಣ್ಣು, ಸೀಬೆ, ಕಾಲಕ್ಕೆ ಸಿಗುವ ಇನ್ನೊಂದು ಹಣ್ಣು 40. ರಾಗಿ, ಅಕ್ಕಿ, ಬೇಳೆ, ಸೊಪ್ಪು 50. ಕೂಡಿದರೆ 324. ತಿಂಗಳಿಗೆ 9,720. ವರ್ಷಕ್ಕೆ 1,18,260.

ಖೇಲೊ ಇಂಡಿಯಾದವರು ವರ್ಷಕ್ಕೆ ಕೈಗೆ ಕೊಡುವ 1.20 ಲಕ್ಷದ ಪಕ್ಕದಲ್ಲಿ ಇದನ್ನಿಡಿ, ಹೆಚ್ಚುಕಡಿಮೆ ಸರಿಹೋಗುತ್ತದೆ. ಯೋಜನೆ ಮಾಡಿದವರಿಗೆ ಲೆಕ್ಕ ಗೊತ್ತಿಲ್ಲ ಅನ್ನುವಂತಿಲ್ಲ. ತೊಡಕು ಬೇರೆ ಕಡೆ ಇದೆ: ಆ ಹಣ ಬರುವುದು ಆಯ್ಕೆಯಾದ ಮೇಲೆ, ಆಯ್ಕೆಯಾಗುವುದು ನಾಲ್ಕೈದು ವರ್ಷ ತಿಂದು ಬೆವರು ಹರಿಸಿದ ಮೇಲೆ. ಆ ನಾಲ್ಕೈದು ವರ್ಷ ಮನೆಯವರ ತಲೆಯ ಮೇಲೆ. 2025–26ರ ಹಂಗಾಮಿಗೆ ಕಬ್ಬಿಗೆ ಕೇಂದ್ರ ನಿಗದಿ ಮಾಡಿದ ದರ ಟನ್ನಿಗೆ 3,550. ಒಬ್ಬಳ ವರ್ಷದ ಊಟಕ್ಕೆ 33 ಟನ್ ಕಬ್ಬು. ಕಟಾವು, ಸಾಗಣೆ, ಗೊಬ್ಬರ ಕಳೆಯುವ ಮುಂಚಿನ ಮಾತು ಇದು. ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಪಾಂಡವಪುರ, ಶ್ರೀರಂಗಪಟ್ಟಣದ ಗದ್ದೆಯವರಿಗೆ ಒಂದು ಎಕರೆ ಮಗಳಿಗೆಂದು ಬಿಟ್ಟರೆ ಆದೀತು. ನಾಗಮಂಗಲದ್ದು ಬಹುಪಾಲು ಮಳೆ ನಂಬಿದ ಬೇಸಾಯ, ರಾಗಿ, ಹುರುಳಿ, ನಾಲ್ಕು ತೆಂಗು. ಇಲ್ಲಿ ಮನೆ ನಡೆಸುವುದು ಹಸು. ಬೆಳಿಗ್ಗೆ ಡೇರಿಗೆ ಸುರಿಯುವ ಹಾಲಿನಲ್ಲಿ ಒಂದೂವರೆ ಲೀಟರ್ ಮಗಳ ಲೋಟಕ್ಕೆ ಬಿತ್ತೆಂದರೆ ಆ ವಾರದ ಬಟವಾಡೆ ಅಷ್ಟು ಇಳಿಯಿತು, ಲೀಟರ್‌ಗೆ ಸರ್ಕಾರ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ತಪ್ಪಿತು. ಮನೆಯ ಹಾಲಾದರೆ ಪ್ಯಾಕೆಟ್ ಹಾಲಿಗಿಂತ ಅಗ್ಗ, ನಿಜ; ಬಿಟ್ಟಿಯಂತೂ ಅಲ್ಲ.

ಈ 324ನ್ನು ಇನ್ನೂ ಕುಗ್ಗಿಸಬಹುದೇ ಎಂದು ನೋಡೋಣ. ಕಸರತ್ತು ಮಾಡುವವರಿಗೆ ಮೈತೂಕದ ಒಂದು ಕಿಲೋಗೆ ದಿನಕ್ಕೆ 1.2ರಿಂದ 2 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. 1.6 ಹಿಡಿದರೆ 50 ಕೆ.ಜಿ.ಯವಳಿಗೆ 80 ಗ್ರಾಂ. ಒಂದೂವರೆ ಲೀಟರ್ ಹಾಲಿನಲ್ಲಿ ಸುಮಾರು 45, ಆರು ಮೊಟ್ಟೆಯಲ್ಲಿ 36. ಅಲ್ಲಿಗೆ 81. ಬಾದಾಮಿ ಬೇಕೇಬೇಕೆಂದಿಲ್ಲ, ಕೋಳಿ ವಾರಕ್ಕೆರಡು ದಿನ ಸಾಕು. ಹಾಲು ಮೊಟ್ಟೆಯ 111 ರೂಪಾಯಿ ಮಾತ್ರ ತಪ್ಪಿಸುವಂತಿಲ್ಲ. ಮುದ್ದೆಯನ್ನು ಪೈಲ್ವಾನರ ಊಟವೇ ಅಲ್ಲವೆಂದು ಈಚೆಗೆ ಕೆಲವರು ಮೂಗು ಮುರಿಯುತ್ತಾರೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಚಿಲ್ಲರೆ ಸುಣ್ಣದಂಶವಿದೆ, ಬೆಳೆಯುವ ಹುಡುಗಿಯ ಮೂಳೆಗೆ ಅದಕ್ಕಿಂತ ಅಗ್ಗದ್ದು ಅಂಗಡಿಯಲ್ಲಿ ಸಿಕ್ಕುವುದಿಲ್ಲ.

ಸರ್ಕಾರ ಈಗಾಗಲೇ ಕೊಡುತ್ತಿರುವುದನ್ನೂ ಎಣಿಸಬೇಕು. ಸರ್ಕಾರಿ ಶಾಲೆಯಲ್ಲಿ ವಾರಕ್ಕೆ ಆರು ದಿನ ಒಂದು ಮೊಟ್ಟೆ, ಕ್ಷೀರಭಾಗ್ಯದಲ್ಲಿ ಐದು ದಿನ 150 ಮಿ.ಲೀ. ಹಾಲು. ಆರರಲ್ಲಿ ಒಂದು ಮೊಟ್ಟೆ, ಹತ್ತರಲ್ಲಿ ಒಂದು ಪಾಲು ಹಾಲು ಶಾಲೆಯಲ್ಲೇ ಬಂತು. ಬಸ್ಸಿನ ಖರ್ಚೂ ಇಲ್ಲ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ. ನಾಗಮಂಗಲದಿಂದ ಮೈಸೂರಿಗೆ, ಮಂಡ್ಯಕ್ಕೆ, ದಾವಣಗೆರೆಗೆ ಪಂದ್ಯಕ್ಕೆ ಹೋಗಿ ಬರಲು ಅಣ್ಣ ಚಾರ್ಜು ಕೊಡಬೇಕು, ತಂಗಿ ಕೊಡಬೇಕಾಗಿಲ್ಲ. ಕುಸ್ತಿಯ ಲೋಕದಲ್ಲಿ ಹೆಣ್ಣಿಗೆ ಗಂಡಿಗಿಂತ ಕಡಿಮೆ ಖರ್ಚಾಗುವ ಜಾಗ ನನಗೆ ಕಂಡದ್ದು ಇದೊಂದೇ. ಬೂಟು, ಸಿಂಗ್ಲೆಟ್, ಮಂಡಿಪಟ್ಟಿಗೆ ವರ್ಷಕ್ಕೆ ಐದಾರು ಸಾವಿರ. ಅದು ದೊಡ್ಡ ಮಾತಲ್ಲ.

ದೊಡ್ಡ ಮಾತು ಜೋಡಿಯದು. ಜಾತ್ರೆ ಕುಸ್ತಿಗೆ ಮುಂಚೆ ಹಿರಿಯ ಉಸ್ತಾದರು ಕೂತು ಜೋಡಿ ಕಟ್ಟುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಭುಜ ಮುಟ್ಟಿ, ತೊಡೆ ನೋಡಿ, ವಯಸ್ಸು ಕೇಳಿ, ಇಬ್ಬರ ಕೈಯನ್ನೂ ಜೋಡಿಸಿ ಮೇಲೆತ್ತಿದರೆ ಜೋಡಿ ಆಯಿತು. ತೂಕದ ಯಂತ್ರ ಬರುವ ಮುಂಚೆ ಕಣ್ಣೇ ತಕ್ಕಡಿ. ಹುಡುಗರಿಗೆ ಒಂದು ಹೋಬಳಿಯಲ್ಲೇ ಹತ್ತು ಜೋಡಿ ಸಿಗುತ್ತವೆ. ಹುಡುಗಿ ಒಬ್ಬಳೇ ಇದ್ದರೆ ಯಾರ ಜತೆ ಪಟ್ಟು ಕಲಿಯಬೇಕು? ತಮ್ಮನ ಜತೆ, ಆಮೇಲೆ ಅಪ್ಪನ ಜತೆ, ಹದಿಮೂರಕ್ಕೆ ಅದೂ ನಿಲ್ಲುತ್ತದೆ. ವಿಶ್ವ ಮಟ್ಟದ ಹತ್ತು ತೂಕಕ್ಕೆ ತಲಾ ಇಬ್ಬರೆಂದರೆ ಕನಿಷ್ಠ 20 ಹುಡುಗಿಯರು. ಬಲಾಲಿಯಲ್ಲಿ ಒಂದೇ ಮನೆಯಲ್ಲಿ ಅಕ್ಕತಂಗಿಯರು ಆರು ಮಂದಿ ಇದ್ದರು. ಗೀತಾಗೆ ಬಬಿತಾ, ಬಬಿತಾಗೆ ವಿನೇಶ್. ಅವರಿಗೆ ಜೋಡಿ ಹುಡುಕಲು ಊರು ದಾಟಬೇಕಾಗಿರಲಿಲ್ಲ. ಫೋಗಟ್ ಮನೆತನದ ಗುಟ್ಟನ್ನು ರಕ್ತದಲ್ಲಿ ಹುಡುಕುವವರು ಈ ಸಂಖ್ಯೆಯನ್ನು ನೋಡುವುದೇ ಇಲ್ಲ.

ಒಂದು ಎಚ್ಚರ ಇಲ್ಲೇ ಹೇಳಬೇಕು. ತೂಕ ಇಳಿಸುವ ಹುಚ್ಚು ಶಾಲಾ ಮಟ್ಟಕ್ಕೂ ಇಳಿದಿದೆ. ಹದಿನಾಲ್ಕರ ಹುಡುಗಿಗೆ ಅನ್ನ ನೀರು ಬಿಡಿಸಿ, ಸ್ವೆಟರ್ ಮೇಲೆ ಸ್ವೆಟರ್ ತೊಡಿಸಿ ಓಡಿಸಿ 46ಕ್ಕೆ ಇಳಿಸುವುದಕ್ಕಿಂತ 49ರಲ್ಲಿ ಆಡಿಸಿ ಸೋಲಿಸುವುದು ವಾಸಿ. ಮುಟ್ಟಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ತೂಕ ಏರುವುದು ಸಹಜ, ಅದನ್ನು ಉಸ್ತಾದರ ಹತ್ತಿರ ಹೇಳಿಕೊಳ್ಳಲು ಹುಡುಗಿಗೆ ನಾಚಿಕೆ. ಒಬ್ಬ ಮಹಿಳಾ ಕೋಚ್ ಇದ್ದರೆ ಹೇಳಿಯಾಳು. ಇಪ್ಪತ್ತು ಜನಕ್ಕೆ ಒಬ್ಬರು ಸಾಕು.

ಇಪ್ಪತ್ತು ಜನರ ಲೆಕ್ಕವನ್ನೇ ಮಾಡಿಬಿಡೋಣ. ಪೂರ್ತಿ ಊಟ ಕೊಟ್ಟರೆ ದಿನಕ್ಕೆ 6,480, ವರ್ಷಕ್ಕೆ 23,65,200. ವಿನೇಶ್ ಅವರ ಪ್ಯಾರಿಸ್ ಸಿದ್ಧತೆಗೆ ಹೋದ 70,45,775ರಲ್ಲಿ ಈ ಇಪ್ಪತ್ತು ಜನ ಸುಮಾರು ಮೂರು ವರ್ಷ ಉಣ್ಣುತ್ತಾರೆ. ಅಲ್ಲಿ ಕೊಟ್ಟದ್ದು ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ವಿದೇಶಿ ಕೋಚ್, ಫಿಜಿಯೊ, ಯುರೋಪಿನ ಶಿಬಿರಗಳಿಲ್ಲದೆ ಸುಸಾಕಿಯಂಥವರನ್ನು ಕೆಡವಲಾಗದು. ಬೆಳ್ಳಿಯ 4 ಕೋಟಿಯೂ ಅವರಿಗೆ ನ್ಯಾಯವೇ. ಅದೇ 4 ಕೋಟಿಗೆ 338 ಹುಡುಗಿಯರ ಒಂದು ವರ್ಷದ ಊಟವಾಗುತ್ತದೆ ಅನ್ನುವುದು ಮಾತ್ರ ಅಂಕಗಣಿತ. ನಮ್ಮ ರಾಜ್ಯಗಳು ಪದಕ ಬಂದ ಸಂಜೆ ಕೋಟಿ ಘೋಷಿಸುತ್ತವೆ, ಹತ್ತು ವರ್ಷ ಹಿಂದಿನ ಮೊಟ್ಟೆಗೆ ಏಳು ರೂಪಾಯಿ ಹುಡುಕುವುದು ಅಮ್ಮಂದಿರ ಪಾಲು.

ಬರೀ ಹಾಲು, ಮೊಟ್ಟೆಯ ಹೊಣೆಯನ್ನಷ್ಟೇ ಹೊತ್ತರೆ 111 ರೂಪಾಯಿಯಂತೆ ಇಪ್ಪತ್ತು ಜನಕ್ಕೆ ದಿನಕ್ಕೆ 2,220, ವರ್ಷಕ್ಕೆ 8,10,300. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ನಾಲ್ಕೂ ತಾಲ್ಲೂಕು ಹಂಚಿಕೊಂಡರೆ ಒಂದೊಂದಕ್ಕೆ 2,02,575. ಪಾಂಡವಪುರ ನಾಲ್ಕಕ್ಕೂ ಹೆಚ್ಚುಕಡಿಮೆ ನಡುವೆ ಬೀಳುತ್ತದೆ, ರೈಲೂ ಇದೆ. ಒಂದು ಮ್ಯಾಟ್ ಹಾಸಬೇಕಾದರೆ ನನ್ನ ಮತ ಅಲ್ಲಿಗೆ. ಮೂವತ್ತೊಂದರ ವಿನೇಶ್ ಶಾಸಕಿಯಾಗಿ, ತಾಯಿಯಾಗಿ, ಪ್ಯಾರಿಸ್ ಬಳಿಕ ಘೋಷಿಸಿದ್ದ ನಿವೃತ್ತಿಯನ್ನು 2025ರ ಡಿಸೆಂಬರ್‌ನಲ್ಲಿ ಹಿಂಪಡೆದು 2028ರ ಲಾಸ್ ಏಂಜಲೀಸ್‌ಗೆ ಮತ್ತೆ ತಯಾರಾಗುವೆ ಎಂದಿದ್ದಾರೆ. ನಮ್ಮ ಕಡೆಯ ಐದನೇ ಕ್ಲಾಸಿನ ಹುಡುಗಿಗೆ 2028 ಬೇಗ, 2032 ಕಷ್ಟ. 2036ಕ್ಕೆ ಅವಳಿಗೆ ಇಪ್ಪತ್ತು. ಆ ಒಲಿಂಪಿಕ್ಸನ್ನು ಭಾರತವೇ ನಡೆಸುತ್ತೇನೆಂದು ಕೇಳಿಕೊಂಡಿದೆ. ಈ ಶಾಲಾ ವರ್ಷಕ್ಕೆ ಹಾಲು ಶುರುವಾದರೆ ಹತ್ತು ವರ್ಷಕ್ಕೆ ನಾಲ್ಕೂ ತಾಲ್ಲೂಕು ಸೇರಿ 81,03,000, ಇವತ್ತಿನ ದರದಲ್ಲಿ.